ಚಳಿಗಾಲ ಕುಡಿದ ಮಾಷ್ಟ್ರು

ತಿಮ್ಮಪ್ಪನಿಗೆ ತನ್ನ ಹೆಸರಿನ ಮೇಲೆ ಮೊದಲಿನಿಂದಲೂ ಸಿಟ್ಟು. ಇಪ್ಪತ್ತಾರರ ಹುಡುಗನಿಗೆ ಎಪ್ಪತ್ತರ ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟು ಅಪ್ಪ ಕೈತೊಳೆದುಕೊಂಡಿದ್ದ; ಹೊತ್ತು ತಿರುಗಬೇಕಾದವನು ಇವನು. ಹೊಸದುರ್ಗದಿಂದ ಹೊರಟು, ಡಿಪ್ಲೊಮಾ ಮುಗಿಸಿ, ಗುಜರಾತಿನ ವಡೋದರಾದ ಗೋರ್ವಾ ಬಡಾವಣೆಯಲ್ಲಿನ ವಾಲ್ವ್ ಕಾರ್ಖಾನೆಯೊಂದಕ್ಕೆ ಸೇರಿದ ಮೊದಲ ದಿನವೇ ಅಲ್ಲಿನವರು ಅವನನ್ನು ‘ತಿಮ್ಮಾಭಾಯ್’ ಮಾಡಿದರು. ಹಿಂದೆ ಒಂದು ‘ಭಾಯ್’ ಸೇರಿದ ಕೂಡಲೇ ಹೆಸರಿಗೆ ಎಲ್ಲಿಲ್ಲದ ಗತ್ತು ಬಂದಂತಾಗಿ, ಅವನು ವಡೋದರಾವನ್ನು ಅಲ್ಲೇ ನಿಂತಲ್ಲೇ ಒಪ್ಪಿಕೊಂಡುಬಿಟ್ಟ.

ಕಾರ್ಖಾನೆಯಲ್ಲಿ ಅವನ ಕೆಲಸ ತಪ್ಪು ಹುಡುಕುವುದು. ತಯಾರಾಗಿ ಬಂದ ವಾಲ್ವಿಗೆ ನೀರು ತುಂಬಿ, ಒತ್ತಡ ಏರಿಸಿ, ಎಲ್ಲಾದರೂ ಜಿನುಗುತ್ತದೆಯೇ ಎಂದು ಕಣ್ಣು ಕೀಲಿಸಿ ನೋಡಬೇಕು. ಜಿನುಗಿದರೆ ಅದರ ಮೈಮೇಲೆ ಕೆಂಪು ಗೀಟು ಎಳೆಯಬೇಕು. ದಿನವಿಡೀ ಬೇರೆಯವರ ಕೆಲಸದ ಮೇಲೆ ಕೆಂಪು ಗೀಟು ಎಳೆಯುವವನಿಗೆ ತಾನು ಎಲ್ಲೂ ಜಿನುಗುವುದಿಲ್ಲ ಎಂಬ ಭ್ರಮೆ ಹುಟ್ಟುವುದು ಸಹಜ. ತಿಮ್ಮಪ್ಪನಿಗೆ ಅದು ಬೇಗನೆ ಹುಟ್ಟಿತು.

ಎರಡನೆಯ ಭ್ರಮೆ ಗುಜರಾತಿಯದು. ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ತನಗೆ ಗುಜರಾತಿ ಬಂತು ಎಂದು ಅವನು ನಂಬಿದ್ದ. ಬಂದದ್ದು ನಿಜವಾಗಿ ಕಾರ್ಖಾನೆಯ ಊಟದ ಮನೆಯ ಗುಜರಾತಿ: ಇನ್ನೊಂದು ರೊಟ್ಟಿ ಕೊಡಿ, ದಾಲ್‌ಗೆ ಬೆಲ್ಲ ಯಾಕೆ ಹಾಕಿದ್ರಿ, ಉನಾಳೋ ಅಂದರೆ ಬೇಸಿಗೆ, ಶಿಯಾಳೋ ಅಂದರೆ ಚಳಿಗಾಲ. ಇಷ್ಟನ್ನು ಕಲಿಸಿದವರು ಜೊತೆಯಲ್ಲೇ ಕೆಲಸ ಮಾಡುವ ಅಜಯ್‌ಭಾಯ್. ಬಿಸಿಗಾಳಿ ತಾಗದಿರಲು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಬೇಕು ಎಂದು ಹೇಳಿದವರೂ ಅವರೇ. ಇಡೀ ಈರುಳ್ಳಿ ಎಂದು ಬಿಡಿಸಿ ಹೇಳಲು ಮರೆತಿದ್ದರು. ತಿಮ್ಮಪ್ಪ ಸುಲಿದು, ಹೆಚ್ಚಿ, ಅಂಗಿಯ ಜೇಬಿಗೆ ತುಂಬಿಕೊಂಡು ಮೀಟಿಂಗಿಗೆ ಹೋಗಿದ್ದ. ಆ ದಿನ ಮ್ಯಾನೇಜರ್ ಕಣ್ಣೊರೆಸಿಕೊಂಡದ್ದು ಉತ್ಪಾದನೆ ಕುಸಿದ ದುಃಖಕ್ಕಲ್ಲ.

ಇಂಥವನು ಮೇಷ್ಟ್ರಾದ. ಅದಕ್ಕೆ ಕಾರಣ ಹೊಟ್ಟೆ.

ಅಲ್ಕಾಪುರಿಯಲ್ಲಿ ರಾಮಚಂದ್ರ ಉರಾಳರ ಉಡುಪಿ ಹೋಟೆಲು ಇದೆ. ಬೆಲ್ಲದ ದಾಲ್‌ನಿಂದ ತಪ್ಪಿಸಿಕೊಂಡ ತಿಮ್ಮಪ್ಪ ಪ್ರತಿ ಸಂಜೆ ಅಲ್ಲಿಗೇ ಓಡುತ್ತಿದ್ದ. ಉರಾಳರು ಸಾಲಿಗ್ರಾಮದ ಕಡೆಯವರು. ಇಲ್ಲಿಗೆ ಬಂದು ಕೂದಲು ನರೆತಿದ್ದರೂ ಮಾತು ಊರಿನದೇ. ಹೋಟೆಲಿನ ಮೇಲಿನ ಎ.ಸಿ. ಹಾಲಿನಲ್ಲಿ ಭಾನುವಾರ ಬೆಳಿಗ್ಗೆ, ಹುಟ್ಟುಹಬ್ಬದ ಪಾರ್ಟಿಗಳು ಶುರುವಾಗುವ ಮೊದಲು, ಊರಿನ ಕನ್ನಡಿಗರ ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತಿತ್ತು. ಹೇಳಿಕೊಡುತ್ತಿದ್ದ ವಿಮಲಾ ಮೇಡಂ ಗಂಡನಿಗೆ ವರ್ಗವಾಗಿ ಸೂರತ್‌ಗೆ ಹೋದರು. ಕೌಂಟರಿನಲ್ಲಿ ಕೂತ ಉರಾಳರು ಒಂದು ಸಂಜೆ ತಿಮ್ಮಪ್ಪನ ತಟ್ಟೆಯನ್ನೂ ಅವನ ಮುಖವನ್ನೂ ನೋಡಿ, “ನೀವು ಖಾಲಿ ಉಂಟಲ್ಲ ಭಾನುವಾರ? ಒಂದು ಗಂಟೆ ಮಾಷ್ಟ್ರಾಗಿ ಮಾರಾಯ್ರೇ” ಎಂದರು.

‘ಮಾಷ್ಟ್ರು!’ ತಿಮ್ಮಪ್ಪನಿಗೆ ಸಾಂಬಾರು ನೆತ್ತಿಗೇರಿತು. ಸಂಬಳ ಕೊಡುವವರು ಯಾರೂ ಅವನನ್ನು ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ. ಕೆಮ್ಮುತ್ತಲೇ ಆಗಲಿ ಎಂದ.

ಏಪ್ರಿಲ್‌ನ ಒಂದು ಭಾನುವಾರ ಪಾಠದ ವಿಷಯ ‘ಹವಾಮಾನ ಮತ್ತು ನಾವು’. ಬೇಸಿಗೆ, ಮಳೆ, ಚಳಿಗೆ ಜನ ತಮ್ಮ ಉಡುಗೆ, ಊಟ, ಮನೆಗಳನ್ನು ಹೇಗೆ ಹೊಂದಿಸಿಕೊಳ್ಳುತ್ತಾರೆ ಎಂದು ಚಿಕ್ಕಮಕ್ಕಳಿಗೆ ಹೇಳಬೇಕು. ತಿಮ್ಮಪ್ಪ ಹಿಂದಿನ ದಿನವೇ ಹಾಳೆಗಳಲ್ಲಿ ಕೊಡೆ, ಸ್ವೆಟರು, ಫ್ಯಾನಿನ ಚಿತ್ರ ಬರೆದು ತಯಾರಾಗಿದ್ದ. ಹಾಲಿನ ಗೋಡೆಗೆ ಹಿಂದಿನ ರಾತ್ರಿಯ ಪಾರ್ಟಿಯ ಬಲೂನುಗಳು ಇನ್ನೂ ಅಂಟಿಕೊಂಡಿದ್ದವು. ಮಕ್ಕಳ ಕಣ್ಣು ಕೊಡೆಯ ಮೇಲಿರಲಿಲ್ಲ, ಬಲೂನಿನ ಮೇಲಿತ್ತು.

“ಮಳೆಗಾಲ ಬಂತು ಅಂದ್ರೆ ಯಾವ ಪ್ರಾಣಿ ಹೊರಗೆ ಬರುತ್ತೆ? ಹೇಳಿ ನೋಡೋಣ” ಎಂದು ಕೇಳಿ, ‘ಕಪ್ಪೆ’ ಎಂಬ ಉತ್ತರಕ್ಕೆ ಕಾದ.

“ಮಗರ್!” ಎಂದು ಇಡೀ ತರಗತಿ ಕಿರುಚಿತು.

ಮಗರ್ ಅಂದರೆ ಮೊಸಳೆ. ವಿಶ್ವಾಮಿತ್ರಿ ನದಿ ಉಕ್ಕಿದಾಗ ಮೊಸಳೆಗಳು ರಸ್ತೆಗೆ ಬರುವ ಊರಿನಲ್ಲಿ ಹುಟ್ಟಿದ ಮಕ್ಕಳು ಕಪ್ಪೆಯನ್ನು ಯಾಕೆ ಲೆಕ್ಕಕ್ಕೆ ಹಿಡಿಯುತ್ತಾರೆ? ತಿಮ್ಮಪ್ಪ ಬೋರ್ಡಿನ ಮೇಲೆ ‘ಮೊಸಳೆ’ ಎಂದು ಬರೆಯಬೇಕಾಯಿತು.

“ಸರಿ. ಮಳೆಗಾಲಕ್ಕೆ ಜನ ಹೇಗೆ ತಯಾರಾಗ್ತಾರೆ?”

ಮುಂದಿನ ಸಾಲಿನ ನಿಕಿತಾ, ಎಲ್ಲಕ್ಕೂ ಮೊದಲು ಕೈ ಎತ್ತುವ ಹುಡುಗಿ, ಎದ್ದು ನಿಂತಳು. “ನೀರು ಬರುತ್ತೆ ಅಂತ ಸ್ಕೂಟರನ್ನ ಎತ್ತರದ ಜಾಗದಲ್ಲಿ ಇಡ್ತಾರೆ ಸರ್. ಆಮೇಲೆ ಪಾರ್ಕಿಂಗಲ್ಲಿ ಟಾರ್ಚ್ ಹಾಕಿ ನೋಡ್ತಾರೆ, ಮಗರ್ ಇದೆಯಾ ಅಂತ.”

ಕೊಡೆಯ ಚಿತ್ರ ತಿಮ್ಮಪ್ಪನ ಕೈಯಲ್ಲೇ ಉಳಿಯಿತು. ಬೇಸಿಗೆಗೆ ಬಂದರೂ ಅದೇ ಪಾಡು. ಸ್ಕೂಟರಿನಲ್ಲಿ ಹೋಗುವವರು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವುದು, ಟ್ರಾಫಿಕ್ ಸಿಗ್ನಲ್ಲಿನ ಮೇಲೆ ಹಸಿರು ಪರದೆ ಕಟ್ಟುವುದು, ಮಧ್ಯಾಹ್ನ ಅಂಗಡಿಗಳು ಅರ್ಧ ಬಾಗಿಲು ಹಾಕುವುದು, ಎಲ್ಲವನ್ನೂ ಮಕ್ಕಳೇ ಅವನಿಗೆ ಹೇಳಿಕೊಟ್ಟರು, ಅದೂ ಮುಕ್ಕಾಲು ಗುಜರಾತಿಯಲ್ಲಿ. ಜೇಬಿನ ಈರುಳ್ಳಿಯ ಮಾತೂ ಬಂತು. ತಿಮ್ಮಪ್ಪ ಬೇಗ ಬೇಗ ವಿಷಯ ಬದಲಿಸಿದ. ತರಗತಿ ಕೈತಪ್ಪಿ ಹೋಗುತ್ತಿತ್ತು. ಏನಾದರೂ ಮಾಡಿ ತಾನೇ ಮಾಷ್ಟ್ರು ಎಂದು ತೋರಿಸಬೇಕಿತ್ತು.

“ಬೇಸಿಗೆಯಲ್ಲಿ ನಾವು ಏನು ಕುಡೀತೇವೆ? ಕನ್ನಡದಲ್ಲೇ ಹೇಳಬೇಕು.”

“ಛಾಸ್!” “ಗೋಲಾ!” “ಗೋಲಾ ಕುಡಿಯೋದಲ್ಲ, ತಿನ್ನೋದು!” ಎಂಬ ಮಜ್ಜಿಗೆ, ಐಸ್‌ಗೋಲಾಗಳ ಗದ್ದಲದ ನಡುವೆ ಕೊನೆಯ ಸಾಲಿನಲ್ಲಿ ಒಂದು ಕೈ ನಿಧಾನವಾಗಿ ಮೇಲೆದ್ದಿತು. ಉರಾಳರ ಮಗಳು ಗಗನಾ. ಎರಡನೆಯ ಕ್ಲಾಸಿನ ಈ ಹುಡುಗಿ ತಿಮ್ಮಪ್ಪ ಬಂದಾಗಿನಿಂದ ತರಗತಿಯಲ್ಲಿ ಒಂದು ಮಾತೂ ಆಡಿರಲಿಲ್ಲ. ಇವತ್ತು ಎದ್ದು ನಿಂತು, ಗೋಡೆಯನ್ನು ನೋಡುತ್ತ, ಕಲ್ಲು ದಾಟುವಂತೆ ಒಂದೊಂದೇ ಪದದ ಮೇಲೆ ಕಾಲಿಡುತ್ತ ಹೇಳಿದಳು:

“ಬೇಸಿಗೆಯಲ್ಲಿ... ನಾವು... ಶೀಯಾಳ ಕುಡಿತೇವೆ.”

ತಿಮ್ಮಪ್ಪನ ಕಿವಿ ನೆಟ್ಟಗಾಯಿತು. ಶಿಯಾಳೋ! ಇದು ತನಗೆ ಗೊತ್ತಿರುವ ಗುಜರಾತಿ. ಹೊಸದಾಗಿ ಕಲಿತ ಹತ್ತಾರು ಪದಗಳಲ್ಲಿ ಒಂದು ತಾನಾಗಿ ನಡೆದು ಬಂದು ಕೈಗೆ ಸಿಕ್ಕಿದೆ. ಬಿಡುವುದುಂಟೇ?

“ಶಿಯಾಳೋ ಕುಡೀತೀರಾ?” ಎಂದು ನಕ್ಕ. “ಶಿಯಾಳೋ ಅಂದ್ರೆ ಗುಜರಾತಿಯಲ್ಲಿ ಚಳಿಗಾಲ ಅಲ್ವೇನಮ್ಮಾ? ಬೇಸಿಗೆಯಲ್ಲಿ ಚಳಿಗಾಲ ಕುಡೀತಾರೇನು? ಹೇಗೆ, ಸ್ಟ್ರಾ ಹಾಕ್ಕೊಂಡಾ?”

ಅಷ್ಟು ಹೊತ್ತು ಬಲೂನು ನೋಡುತ್ತಿದ್ದ ತರಗತಿ ಒಮ್ಮೆಲೇ ಅವನದಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ ಸ್ಟ್ರಾದಲ್ಲಿ ಚಳಿಗಾಲ ಹೀರಿ ನಡುಗಿ ತೋರಿಸಿದ. ತಿಮ್ಮಪ್ಪ ಹೊಟ್ಟೆ ತುಂಬಿದವನ ಹಾಗೆ ನಿಂತು ನೋಡಿದ.

“ಅಜ್ಜಿ ಹೇಳಿದ್ದು” ಎಂದಳು ಗಗನಾ, ತೀರ ಸಣ್ಣ ದನಿಯಲ್ಲಿ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. “ಅಜ್ಜಿ ಕನ್ನಡಾನೂ ಗುಜರಾತೀನೂ ಕಲಸಿ ಉಪ್ಪಿಟ್ಟು ಮಾಡಿಬಿಟ್ಟಿದ್ದಾರೆ” ಎಂದು ಅವನು ಇನ್ನೊಂದು ಸಲ ನಗಿಸಿ, ಬೋರ್ಡಿನ ಮೇಲೆ ‘ಶಿಯಾಳ’ ಎಂದು ಬರೆದು, ಕೆಂಪು ಮಾರ್ಕರಿನಿಂದ ಅಡ್ಡಗೀಟು ಎಳೆದು, ಪಕ್ಕದಲ್ಲಿ ‘ಮಜ್ಜಿಗೆ’ ಎಂದು ಬರೆದ. ಗಗನಾ ಕೂತಳು. ಪಾಠ ಮುಗಿದು ಮಕ್ಕಳು ಮೆಟ್ಟಿಲಿಳಿಯುವಾಗ ನಿಕಿತಾ ಶುರು ಮಾಡಿದ ಹಾಡು ಕೆಳಗಿನ ತನಕ ಕೇಳಿಸಿತು: “ಗಗನಾ ಶಿಯಾಳೋ ಪೀಏ ಛೇ!” ಗಗನಾ ಚಳಿಗಾಲ ಕುಡೀತಾಳೆ.

ಮಾರನೆಯ ದಿನ ಊಟದ ಹೊತ್ತಿಗೆ ತಿಮ್ಮಪ್ಪ ಈ ಕತೆಯನ್ನು ಅಜಯ್‌ಭಾಯ್‌ಗೆ ಹೇಳಿದ. ಅವರು ಪಕ್ಕದ ಮೇಜಿನವರಿಗೆ ಹೇಳಿದರು. ಸಂಜೆಯೊಳಗೆ ಟೆಸ್ಟಿಂಗ್ ವಿಭಾಗದಲ್ಲಿ ಎಲ್ಲರೂ ನೀರು ಕುಡಿಯುವಾಗ “ಏನು ತಿಮ್ಮಾಭಾಯ್, ಶಿಯಾಳೋನಾ?” ಎಂದು ಕೇಳತೊಡಗಿದರು. ಈರುಳ್ಳಿಯ ಕತೆ ಕೊನೆಗೂ ಹಳೆಯದಾಯಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು.

ಆ ಸಮಾಧಾನದಲ್ಲೇ ಉರಾಳರ ಹೋಟೆಲಿಗೆ ಹೋದ. ಹೊರಗೆ ಇನ್ನೂ ಕಾವು ಆರಿರಲಿಲ್ಲ. ಕೌಂಟರಿನ ಪಕ್ಕದ ಬೆಂಚಿನಲ್ಲಿ ಉರಾಳರ ತಾಯಿ ಅನಸೂಯಮ್ಮ ಕೂತಿದ್ದರು. ಅವರು ಒಂದು ಬೇಸಿಗೆ ಕಳೆದು ಹೋಗೋಣವೆಂದು ಬಂದವರು ಇಲ್ಲೇ ಉಳಿದಿದ್ದರು. ಹಿಂದಿ ಬಾರದು, ಗುಜರಾತಿಯಂತೂ ಇಲ್ಲ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಪಂಚೆ ಕಟ್ಟುವುದು, ಚಳಿಗಾಲದಲ್ಲಿ ಮಗನ ಕಾಲುಚೀಲ ಹಾಕಿಕೊಂಡು ಅದರ ಮೇಲೆ ಚಪ್ಪಲಿ ಮೆಟ್ಟುವುದು, ಇಷ್ಟರಲ್ಲೇ ಊರಿಗೆ ಹೊಂದಿಕೊಂಡಿದ್ದರು. ಪಾಠದ ಚಿತ್ರಕ್ಕೆ ಇವರನ್ನೇ ನಿಲ್ಲಿಸಬಹುದಿತ್ತು ಎಂದು ತಿಮ್ಮಪ್ಪನಿಗೆ ಹೊಳೆಯಲು ಇನ್ನೂ ಸ್ವಲ್ಪ ಹೊತ್ತಿತ್ತು.

“ಬನ್ನಿ ಮಾಷ್ಟ್ರೇ, ಕೂತ್ಕೊಳ್ಳಿ. ಬೆವರಿ ಒದ್ದೆಯಾಗಿದ್ದೀರಿ. ಎಂತ ಸೆಖೆ ಇದು” ಎಂದ ಅನಸೂಯಮ್ಮ ಸಪ್ಲಯರ್ ಕಡೆ ತಿರುಗಿ, “ಮಾಷ್ಟ್ರಿಗೆ ಒಂದು ಸೀಯಾಳ ತಂದ್ಕೊಡು ಮಗಾ” ಎಂದರು.

ಸಪ್ಲಯರ್ ಎದುರಿನ ಗಾಡಿಗೆ ಹೋಗಿ, ಕೆತ್ತಿಸಿಕೊಂಡು ಬಂದು, ತಿಮ್ಮಪ್ಪನ ಮುಂದೆ ಒಂದು ಎಳನೀರು ಇಟ್ಟ. ಅದರಲ್ಲಿ ಒಂದು ಸ್ಟ್ರಾ ಚುಚ್ಚಿತ್ತು.

ತಿಮ್ಮಪ್ಪ ಎಳನೀರನ್ನು ನೋಡಿದ. ಅನಸೂಯಮ್ಮನನ್ನು ನೋಡಿದ. ಮತ್ತೆ ಸ್ಟ್ರಾ ನೋಡಿದ.

“ಇದು... ಇದಕ್ಕೆ ಏನಂತೀರಿ ಅಮ್ಮ?”

“ಎಂತ? ಸೀಯಾಳ. ನೀವು ಎಂತ ಹೇಳುದು?”

“ಎಳನೀರು” ಎಂದ ತಿಮ್ಮಪ್ಪ. ತನ್ನ ದನಿ ಯಾರದೋ ಮೂಗಿನಿಂದ ಬಂದಂತಿತ್ತು.

“ಹಾಂ, ಅದೇ. ಕುಡೀರಿ, ತಂಪು.”

ಕುಡಿಯದೆ ಗತಿಯಿರಲಿಲ್ಲ. ಹೀರಿದ. ಒಳಗೆ ಇಳಿದದ್ದು ನಿಜವಾಗಿಯೂ ತಣ್ಣಗಿತ್ತು. ಮುಖ ಮಾತ್ರ ಹೊತ್ತಿ ಉರಿಯುತ್ತಿತ್ತು. ಎದುರಿಗೆ ಕೂತ ಮುದುಕಿಗೆ ತನ್ನ ಮಾತನ್ನು ಉಪ್ಪಿಟ್ಟು ಎಂದು ನಗಿಸಿದವನಿಗೇ ತಾನು ಉಪಚಾರ ಮಾಡುತ್ತಿರುವುದು ಗೊತ್ತಿರಲಿಲ್ಲ. ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮುಂದುವರಿಸಿದರು.

“ನಿಮ್ಮ ಹತ್ರ ಒಂದು ಹೇಳ್ಬೇಕು ಅಂತ ಇದ್ದೆ ಮಾಷ್ಟ್ರೇ. ಈ ಗಗನಾ ಉಂಟಲ್ಲ, ನಿನ್ನೆಯಿಂದ ನನ್ನ ಹತ್ರ ಕನ್ನಡ ಮಾತಾಡುದೇ ಇಲ್ಲ. ಎಂತ ಕೇಳಿದ್ರೂ ಹಾಂ, ನಹೀ, ಪತಾ ನಹೀ. ನನಗೆ ಅದು ಎಲ್ಲಿ ಅರ್ಥ ಆಗ್ತದೆ? ದಿನಾ ಮಲಗುವಾಗ ಒಂದು ಹೊಸ ಮಾತು ಹೇಳಿಕೊಡು ಅಂತ ಜೀವ ತಿಂತಿದ್ಲು. ಮೊನ್ನೆಯಷ್ಟೇ ಹೇಳಿಕೊಟ್ಟದ್ದನ್ನು ಕ್ಲಾಸಲ್ಲಿ ಹೇಳ್ತೇನೆ, ನೋಡು ಅಜ್ಜಿ, ಅಂತ ಕುಣಿದುಕೊಂಡು ಮೇಲೆ ಹೋದವಳು. ಬರುವಾಗ ಮುಖ ಇಷ್ಟು ದಪ್ಪ. ಎಂತ ಆಯ್ತು, ಯಾರಾದ್ರೂ ಪೆಟ್ಟು ಕೊಟ್ರಾ ಅಂತ ಕೇಳಿದ್ರೆ ಅದಕ್ಕೂ ನಹೀ.”

ಕೌಂಟರಿನಿಂದ ಉರಾಳರು ದನಿ ಸೇರಿಸಿದರು: “ಅಮ್ಮನಿಗೆ ಮಾತಾಡ್ಲಿಕ್ಕೆ ಈ ಮನೆಯಲ್ಲಿ ಇರುದೇ ಅವಳೊಬ್ಳು ಮಾಷ್ಟ್ರೇ. ನಾನು ಇಲ್ಲಿ, ನನ್ನ ಹೆಂಡತಿ ಅಡಿಗೆಮನೆಯಲ್ಲಿ. ನೀವು ಒಮ್ಮೆ ಹೇಳಿ ನೋಡಿ. ನಿಮ್ಮ ಮಾತಾದ್ರೆ ಕೇಳಬಹುದು.”

ಆಗ ಹೇಳಿಬಿಡಬೇಕಿತ್ತು: ಪೆಟ್ಟು ಕೊಟ್ಟವನು ನಾನೇ. ಬಾಯಿ ತೆರೆದದ್ದೂ ನಿಜ. ಆದರೆ ಬಾಯಿಂದ ಬಂದದ್ದು, “ಮಕ್ಕಳು ಹಾಗೇ ಅಮ್ಮ. ಸರಿಹೋಗುತ್ತೆ” ಎಂಬ ಮಾತು. ಎಳನೀರು ತಳ ಕಂಡಾಗ ಸ್ಟ್ರಾ ಗೊರಗೊರ ಸದ್ದು ಮಾಡಿತು. ಊಟ ಮಾಡದೆ, ಹೊಟ್ಟೆ ಸರಿಯಿಲ್ಲ ಎಂದು ಎದ್ದು ಬಂದ. ಅದಷ್ಟೇ ಆ ಸಂಜೆ ಅವನಾಡಿದ ಸತ್ಯ.

ರೂಮಿಗೆ ಬಂದು ತಾಯಿ ಗಿರಿಜಮ್ಮನಿಗೆ ಫೋನು ಹಚ್ಚಿದ. ತಪ್ಪು ತನ್ನದೊಬ್ಬನದೇ ಅಲ್ಲ, ಆ ಪದ ಘಟ್ಟದ ಮೇಲಿನವರಿಗೆ ಯಾರಿಗೂ ಗೊತ್ತಿರುವುದಿಲ್ಲ ಎಂದು ಯಾರಾದರೂ ಹೇಳಬೇಕಿತ್ತು.

“ಅಮ್ಮಾ, ಸೀಯಾಳ ಅಂದ್ರೆ ಏನು ಗೊತ್ತಾ ನಿಂಗೆ?”

“ಗೊತ್ತಿಲ್ದೇ ಏನಪ್ಪಾ? ಎಳ್ನೀರು. ಧರ್ಮಸ್ಥಳಕ್ಕೆ ಓದಾಗ ಅಂಗಡಿ ಮುಂದೆ ಇಷ್ಟುದ್ದ ಬೋರ್ಡ್ ಬರ್ದಿತ್ತಲ್ಲ. ನೀನೇ ಕೂಡಿಸ್ಕೊಂಡು ಓದ್ದೆ, ಸೀ... ಯಾ... ಳ ಅಂತ. ಬೇಕು ಅಂತ ರಚ್ಚೆ ಇಡ್ದು ಎರಡು ಕುಡ್ದೆ. ಆಮೇಲೆ ಘಾಟಿನಾಗೆ ಬಸ್ ತುಂಬ ವಾಂತಿ ಮಾಡ್ದೆ. ಮರ್ತ್ಯಾ?”

ಮರೆತಿದ್ದ. ಓದಿದ್ದನ್ನೂ ಮರೆತಿದ್ದ, ಕುಡಿದದ್ದನ್ನೂ ಮರೆತಿದ್ದ, ಕಕ್ಕಿದ್ದನ್ನೂ ಮರೆತಿದ್ದ. ನಿನ್ನೆ ಮೊನ್ನೆ ಕಲಿತ ಶಿಯಾಳೋ ಮಾತ್ರ ನೆನಪಿತ್ತು.

ತಾಯಿಯ ‘ಓದಾಗ’ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಅವರ ಮನೆಯಲ್ಲಿ ಯಾರಿಗೂ ‘ಹ’ ಬಾರದು. ಹೋದಾಗ ‘ಓದಾಗ’, ಹಾಲು ‘ಆಲು’, ಹಣ್ಣು ‘ಅಣ್ಣು’. ಡಿಪ್ಲೊಮಾಕ್ಕೆ ಸೇರಿದ ಹೊಸತರಲ್ಲಿ ತಿಮ್ಮಪ್ಪ ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ನಿಂತು “ಒಂದು ಬಾಳೆಅಣ್ಣು” ಎಂದಿದ್ದ. ಹಿಂದೆ ನಿಂತವನೊಬ್ಬ, “ಅಣ್ಣು ಬೇಕಂತೆ, ಕೊಡ್ರೋ ಅಣ್ಣುನ” ಎಂದು ಕೂಗಿ ಇಡೀ ಸಾಲನ್ನು ನಗಿಸಿದ. ಆ ಓದು ಮುಗಿಯುವವರೆಗೆ ತಿಮ್ಮಪ್ಪ ಬಾಳೆಹಣ್ಣು ಕೇಳಲಿಲ್ಲ. ಬೆರಳು ಮಾಡಿ ತೋರಿಸುತ್ತಿದ್ದ. ಹೆದರಿಕೆಯಲ್ಲಿ ಎಲ್ಲೆಲ್ಲೂ ‘ಹ’ ಸೇರಿಸಿ, ಅಕ್ಕಿಯನ್ನು ಹಕ್ಕಿ ಮಾಡಿ, ಅದಕ್ಕೂ ನಗಿಸಿಕೊಂಡ. ಯಾವ ನಗು ಎಲ್ಲಿ ಹೋಗಿ ನಾಟುತ್ತದೆ ಎಂಬುದು ತಿಳಿಯದವನೇನಲ್ಲ. ತಿಳಿದವನೇ ಹೋಗಿ ಏಳು ವರ್ಷದ ಹುಡುಗಿಗೆ ಅದನ್ನೇ ಬಡಿಸಿ ಬಂದಿದ್ದ. ಫೋನಿನ ಆ ತುದಿಯಲ್ಲಿ ತಾಯಿ ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದ.

ಆ ವಾರ ತಿಮ್ಮಪ್ಪ ಮಾಡಿದ್ದು ದುಡಿಯುವ ಹುಡುಗರು ಸಾಮಾನ್ಯವಾಗಿ ಮಾಡುವ ಕೆಲಸ: ಅಂಗಡಿಗೆ ಹೋಗಿ ಏನಾದರೂ ಕೊಂಡು ತರುವುದು. ಶನಿವಾರ ಸಂಜೆ ಬಣ್ಣದ ಪೆನ್ಸಿಲಿನ ದೊಡ್ಡ ಡಬ್ಬಿಯೊಂದಿಗೆ ಹೋಟೆಲಿಗೆ ಬಂದ. ಗಗನಾ ಮೂಲೆಯ ಮೇಜಿನಲ್ಲಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಅವನು ಬಗ್ಗಿ ಡಬ್ಬಿ ಮುಂದಿಟ್ಟ.

“ಗಗನಾ ಪುಟ್ಟಿ, ಇದು ನಿನಗೆ.”

ಅವಳು ಡಬ್ಬಿಯನ್ನು ನೋಡಿದಳು. ಒಳಗಿನ ಆಸೆ ಕಣ್ಣಿಗೆ ಬಂದು ಹಿಂದೆ ಹೋಯಿತು.

“ನಹೀ ಚಾಹಿಯೇ, ಅಂಕಲ್.”

ಬೇಡ ಎಂದದ್ದು ಒಂದು. ಮಾಷ್ಟ್ರಿಂದ ಅಂಕಲ್‌ಗೆ ಇಳಿಸಿದ್ದು ಇನ್ನೊಂದು. ತಿಮ್ಮಪ್ಪ ಡಬ್ಬಿಯನ್ನು ಎತ್ತಿಕೊಂಡ. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಆ ಪೆನ್ಸಿಲುಗಳು ಇವತ್ತಿಗೂ ಟೆಸ್ಟಿಂಗ್ ವಿಭಾಗದಲ್ಲಿ ಇವೆ, ಕೆಂಪೊಂದು ಮಾತ್ರ ಸವೆದಿದೆ.

ಭಾನುವಾರ ಅವನು ಮೇಲಿನ ಹಾಲಿಗೆ ಹೋಗುವಷ್ಟರಲ್ಲಿ ಅನಸೂಯಮ್ಮ ಮೊಮ್ಮಗಳ ಕೈ ಹಿಡಿದು ಕೊನೆಯ ಸಾಲಿನಲ್ಲಿ ಕೂತಾಗಿತ್ತು. “ಬರುದಿಲ್ಲ ಅಂತ ಹಟ. ನಾನೂ ಬರ್ತೇನೆ ನಡಿ ಅಂದೆ” ಎಂದರು. ಗಗನಾ ಅಜ್ಜಿಯ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ತಿಮ್ಮಪ್ಪ ಚೀಲದಿಂದ ಒಂದು ಎಳನೀರು ತೆಗೆದು ಮೇಜಿನ ಮೇಲಿಟ್ಟ. ಅದು ಉರುಳಿ ಕೆಳಗೆ ಬಿತ್ತು. ಮಕ್ಕಳು ಆಗಲೇ ಒಂದು ಸುತ್ತು ನಕ್ಕರು. ಎತ್ತಿ ಮತ್ತೆ ಇಟ್ಟು, ಉರುಳದಂತೆ ಅಂಗೈ ಆನಿಸಿ ನಿಂತ.

ಹೇಳಬೇಕಾದ ಮಾತನ್ನು ರೂಮಿನಲ್ಲಿ ಅಭ್ಯಾಸ ಮಾಡಿಕೊಂಡೇ ಬಂದಿದ್ದ. “ಮಕ್ಕಳೇ, ಹೋದ ವಾರ ಇಲ್ಲಿ ಒಂದು ಸಣ್ಣ ಗೊಂದಲ ಆಯ್ತು.” ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಾಗ ಎಲ್ಲರೂ ಆಡುವ ಮಾತು ಅದು. ಗೊಂದಲ ತಾನಾಗಿ ಆಗಿರುತ್ತದೆ, ಯಾರೂ ಮಾಡಿರುವುದಿಲ್ಲ.

“ಯಾರಿಗೆ ಗೊಂದಲ ಸರ್?” ಎಂದಳು ನಿಕಿತಾ.

“ಎಲ್ಲರಿಗೂ ಸ್ವಲ್ಪ...”

“ನನಗೆ ಇಲ್ಲ ಸರ್.”

“ನನಗೆ” ಎಂದ ತಿಮ್ಮಪ್ಪ. ಒಮ್ಮೆ ಆ ಪದ ಹೊರಬಿದ್ದ ಮೇಲೆ ಉಳಿದದ್ದು ಅಭ್ಯಾಸ ಮಾಡಿದಂತೆ ಬರಲಿಲ್ಲ, ಜಾರಿ ಬಂತು. “ಇದು ಎಳನೀರು. ಕರಾವಳಿ ಕಡೆ ಇದಕ್ಕೆ ಸೀಯಾಳ ಅಂತಾರೆ. ಅದು ಅಪ್ಪಟ ಕನ್ನಡ. ಹೋದ ವಾರ ಗಗನಾ ಅದನ್ನೇ ಹೇಳಿದ್ಳು, ಸರಿಯಾಗಿ ಹೇಳಿದ್ಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ರೆ ಕೇಳಬೇಕಿತ್ತು. ಕೇಳದೆ ನಕ್ಕೆ, ನಿಮ್ಮನ್ನೂ ನಗಿಸಿದೆ. ಅವಳ ಅಜ್ಜಿಗೆ ಕನ್ನಡ ಬರಲ್ಲ ಅನ್ನೋ ಹಾಗೆ ಬೇರೆ ಅಂದೆ.”

ಹೇಳುವಾಗ ಅವನು ಈ ವಾರದ ಪಾರ್ಟಿಯ ಬಲೂನುಗಳ ಕಡೆ ನೋಡುತ್ತಿದ್ದ. ಹೇಳಿ ಮುಗಿದ ಮೇಲೆ ಕಣ್ಣು ಕೊನೆಯ ಸಾಲಿಗೆ ಹೋಗಲೇಬೇಕಾಯಿತು. ಅನಸೂಯಮ್ಮ ಅವನನ್ನೇ ನೋಡುತ್ತಿದ್ದರು. ಸಿಟ್ಟಿನ ಮುಖವಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

“ನೀವಾ?” ಎಂದರು. ಅಷ್ಟೇ.

ಅವರ ಮನಸ್ಸಿನಲ್ಲಿ ಈಗ ಏನೇನು ಹಾಯುತ್ತಿದೆ ಎಂದು ತಿಮ್ಮಪ್ಪ ಒಂದೊಂದಾಗಿ ಊಹಿಸಬಲ್ಲವನಾಗಿದ್ದ. ಸೋಮವಾರ ಸಂಜೆ ತಾನೇ ತರಿಸಿಕೊಟ್ಟ ಸೀಯಾಳ. ಮಕ್ಕಳು ಹಾಗೇ ಅಮ್ಮ. ಸರಿಹೋಗುತ್ತೆ.

ಆಮೇಲೆ ನಿಕಿತಾಗೆ ಹೊಸ ಹಾಡು ಸಿಕ್ಕಿತು. “ಮಾಷ್ಟರ್ ಶಿಯಾಳೋ ಪೀಏ ಛೇ!” ಎಂದು ಕೂಗಿದಳು, ಉಳಿದವರು ಮೇಜು ಬಡಿದರು. ತಿಮ್ಮಪ್ಪ ನಿಂತು ಕೇಳಿದ. ಈ ಗದ್ದಲದಲ್ಲಿ ಗಗನಾ ನಕ್ಕಾಳು, ಒಂದು ಮಾತಾದರೂ ಆಡಿಯಾಳು ಎಂದು ಕಾದ. ಅವಳು ಸೀರೆಯ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು. ಪಾಠ ಮುಗಿದಾಗ ಅಜ್ಜಿ ಮೊಮ್ಮಗಳು ಎಲ್ಲರಿಗಿಂತ ಮೊದಲು ಇಳಿದು ಹೋದರು. ಎಳನೀರು ಮೇಜಿನ ಮೇಲೆ ಹಾಗೇ ಉಳಿಯಿತು. ಅದನ್ನು ಒಡೆಯಲು ಮೇಲೆ ಕತ್ತಿಯೂ ಇರಲಿಲ್ಲ, ಕುಡಿಯಲು ಮುಖವೂ ಇರಲಿಲ್ಲ.

ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದು ತಿಮ್ಮಪ್ಪ ಎಲ್ಲೋ ಕೇಳಿದ್ದ. ಅವನ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಆ ‘ನೀವಾ?’ ಟೆಸ್ಟಿಂಗ್ ಬೆಂಚಿನವರೆಗೂ ಬಂತು. ಸಂಜೆ ಹೋಟೆಲಿನ ದಾರಿ ಬಿಟ್ಟು ಗೋರ್ವಾದಲ್ಲೇ ಬೆಲ್ಲದ ದಾಲ್ ತಿಂದು ಮಲಗಿದ. ಶಿಕ್ಷೆ ಎಂದುಕೊಂಡು ಎರಡನೆಯ ಬಟ್ಟಲೂ ಹಾಕಿಸಿಕೊಂಡ. ಐದು ದಿನ ಹೀಗೆ ಸಿಹಿ ತಿಂದು ಕಹಿಯಾದ ಮೇಲೆ ಉರಾಳರ ಫೋನು ಬಂತು.

“ಎಂತ ಮಾಷ್ಟ್ರೇ, ಊಟಕ್ಕೆ ಕಾಣುದಿಲ್ಲ? ಹುಷಾರಿಲ್ವಾ? ಅಮ್ಮ ಕೇಳ್ತಾ ಇದ್ದಾರೆ.”

ಅಮ್ಮ ಕೇಳಿದರೆ ಹೋಗದಿರುವುದಕ್ಕೆ ಇನ್ನೂ ದೊಡ್ಡ ಮುಖ ಬೇಕು. ಹೋದ. ಬಾಗಿಲಲ್ಲೇ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಹೊತ್ತು ಕಳೆದು, ಒಳಗೆ ಬಂದು, ಬೆಂಚಿನಿಂದ ಆದಷ್ಟು ದೂರದ ಮೇಜಿನಲ್ಲಿ ಕೂತ. ಕೂತ ಮೇಲೆ ನೋಡಿದರೆ ಪಕ್ಕದ ಮೇಜಿನಲ್ಲೇ ಗಗನಾ, ಪುಸ್ತಕದ ಮೇಲೆ ಬಗ್ಗಿ, ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದಾಳೆ. ಏಳಬೇಕೆನ್ನುವಷ್ಟರಲ್ಲಿ ಅನಸೂಯಮ್ಮ ಬೆಂಚಿನಿಂದ ಎದ್ದು, ಸೊಂಟ ಹಿಡಿದುಕೊಂಡು, ನಿಧಾನವಾಗಿ ಅವನ ಮೇಜಿಗೆ ಬಂದರು.

“ಬಿಸಿಲಲ್ಲಿ ಬಂದಿರಿ” ಎಂದರು. ಸ್ವಲ್ಪ ತಡೆದರು. ಬಾಯಿಗೆ ಬಂದದ್ದನ್ನು ಹಿಂದಕ್ಕೆ ತಳ್ಳಿ ಇನ್ನೊಂದನ್ನು ಹುಡುಕುವವರ ಹಾಗೆ ತುಟಿ ಅಲ್ಲಾಡಿತು. “ಒಂದು... ಎಳನೀರು ತರಿಸ್ಲಾ ಮಾಷ್ಟ್ರೇ?”

ತಿಮ್ಮಪ್ಪನಿಗೆ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಆ ವಯಸ್ಸಿನವರು, ಹುಟ್ಟಿದಂದಿನಿಂದ ಸೀಯಾಳ ಎಂದು ಬಂದವರು, ತನ್ನ ಕಿವಿಗೆ ತೊಂದರೆಯಾಗದಿರಲಿ ಎಂದು ನಾಲಿಗೆಯನ್ನೇ ತಿರುಗಿಸಿ ಆಡಿದ್ದರು. ಊರಿನ ಬಿಸಿಲಿಗೆ, ಚಳಿಗೆ ಹೊಂದಿಕೊಂಡ ಹಾಗೆ ಈಗ ತನಗೂ ಹೊಂದಿಕೊಳ್ಳುತ್ತಿದ್ದಾರೆ. ತಾನು ಒಂದು ಸುಡುವ ಹವಾಮಾನ, ಕಿಟಕಿಗೆ ಒದ್ದೆ ಪಂಚೆ ಕಟ್ಟಿಕೊಂಡು ತಪ್ಪಿಸಿಕೊಳ್ಳಬೇಕಾದ ಬಿಸಿಗಾಳಿ. ಬೇಡ ಅಮ್ಮ, ಹಾಗನ್ನಬೇಡಿ, ನಿಮ್ಮ ಮಾತಲ್ಲೇ ಹೇಳಿ ಎಂದು ಕೇಳಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಮಾತು ಬಂತು.

“ಎಳನೀರಲ್ಲ ಅಜ್ಜಿ. ಶೀಯಾಳ.”

ಗಗನಾ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಅನಸೂಯಮ್ಮನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಕೌಂಟರಿನಲ್ಲಿ ಉರಾಳರು ಚಿಲ್ಲರೆ ಕೊಡುವುದನ್ನು ನಿಲ್ಲಿಸಿದರು.

“ಹೌದು ಮಗಾ, ಸೀಯಾಳ” ಎಂದರು ಅನಸೂಯಮ್ಮ, ತುಂಬ ಮೆಲ್ಲಗೆ, ಕೂತ ಗುಬ್ಬಿ ಹಾರಿಹೋದೀತು ಎಂಬಂತೆ. “ಮಾಷ್ಟ್ರ ಊರಲ್ಲಿ ಎಳನೀರು ಅಂತಾರಂತೆ. ಅದಕ್ಕೆ ಹಾಗೆ ಹೇಳಿದೆ.”

ಗಗನಾ ರಬ್ಬರು ತೆಗೆದು ಏನನ್ನೋ ಅಳಿಸಿದಳು, ಊದಿದಳು. ಆಮೇಲೆ ತಿಮ್ಮಪ್ಪ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ, ಒಂದೊಂದು ಪದವನ್ನೂ ಆರಿಸಿ ಇಡುತ್ತ ಹೇಳಿದಳು:

“ಅವರಿಗೆ... ಕನ್ನಡ ಕಮ್ಮಿ ಬರ್ತದೆ ಅಜ್ಜಿ. ದಿನಾ ಒಂದು ಮಾತು ಹೇಳಿಕೊಡು.”

ಉರಾಳರು “ಹೇಯ್!” ಎಂದು ಗದರಲು ಹೋಗಿ ನಗು ತಡೆಯಲಾರದೆ ಕೌಂಟರಿನ ಕೆಳಗೆ ಬಗ್ಗಿದರು. ತಿಮ್ಮಪ್ಪನ ಕಿವಿ, ಕತ್ತು, ಅಂಗಿಯೊಳಗಿನ ಬೆನ್ನು ಎಲ್ಲ ಬಿಸಿಯಾದವು. ಅವನು ಸಪ್ಲಯರ್‌ನನ್ನು ಕರೆದ. ಹಾಸ್ಟೆಲ್ಲಿನ ಸಾಲಿನಲ್ಲಿ ನಿಂತಷ್ಟೇ ಹೆದರಿಕೆಯಾಯಿತು.

“ಒಂದು ಸೀಯಾಳ” ಎಂದ.

“ಸೀ ಅಲ್ಲ, ಶೀ” ಎಂದಳು ಗಗನಾ.

ಅದು ತಪ್ಪು. ಅನಸೂಯಮ್ಮನಿಗೂ ಗೊತ್ತಿತ್ತು, ತಿಮ್ಮಪ್ಪನಿಗೂ ಈಗ ಗೊತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಒಂದು ಶೀಯಾಳ” ಎಂದು ತಿಮ್ಮಪ್ಪ ತಿದ್ದಿಕೊಂಡ.